ದೂರದರ್ಶಕಕ್ಕಿಂತ ಮೊದಲು ಅದರ ಸ್ಟ್ಯಾಂಡು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಗೊಂದು ದೂರದರ್ಶಕ ಕೊಡಬೇಕೆಂದು ನಮ್ಮ ತಂಡದವರು ಹಣ ಕೂಡಿಸಿದ್ದೇವೆ. ಮಾತು ಬಂದಾಗ ಎಲ್ಲರೂ ಕೇಳಿದ್ದು ಒಂದೇ: ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ? ಹವ್ಯಾಸಕ್ಕೆಂದು ಬಹಳ ವರ್ಷಗಳಿಂದ ಆಕಾಶ ನೋಡುತ್ತಾ ಬಂದವನು ನಾನು. ನನ್ನ ಪ್ರಶ್ನೆ ಬೇರೆ. ಅದು ಯಾವುದರ ಮೇಲೆ ಕೂರುತ್ತದೆ?

ಕೊಳವೆಯನ್ನು ಹೊತ್ತು, ಬೇಕಾದ ಕಡೆ ತಿರುಗಿಸಿ ನಿಲ್ಲಿಸುವ ಭಾಗಕ್ಕೆ ಮೌಂಟ್ ಎನ್ನುತ್ತಾರೆ. ನೂರು ಪಟ್ಟು ಹಿಗ್ಗಿಸುವ ದೂರದರ್ಶಕ ಗುರುಗ್ರಹದ ಜೊತೆಗೆ ಸ್ಟ್ಯಾಂಡಿನ ನಡುಕವನ್ನೂ ನೂರು ಪಟ್ಟು ಹಿಗ್ಗಿಸುತ್ತದೆ. ಸಾಲದ್ದಕ್ಕೆ ಭೂಮಿ ಗಂಟೆಗೆ 15 ಡಿಗ್ರಿಯಂತೆ ತಿರುಗುತ್ತಲೇ ಇದೆ. ಎರಡು ನಿಮಿಷಕ್ಕೆಲ್ಲ ಗ್ರಹ ನೋಟದಿಂದ ಜಾರಿಹೋಗುತ್ತದೆ. ಮೂವತ್ತು ಮಕ್ಕಳು ಸಾಲಿನಲ್ಲಿದ್ದರೆ ಮತ್ತೆ ಮತ್ತೆ ಹಿಡಿದು ತೋರಿಸಬೇಕು. ಮುಟ್ಟಿದಾಗಲೆಲ್ಲ ಅಲುಗಾಡುವ ಸ್ಟ್ಯಾಂಡಾದರೆ ಕೊನೆಯ ಮಗುವಿನ ಸರದಿ ಬರುವಷ್ಟರಲ್ಲಿ ಅದಕ್ಕೆ ನಿದ್ದೆ ಹತ್ತಿರುತ್ತದೆ.

ಮೋಟಾರು, ಕಂಪ್ಯೂಟರು ಇರುವ ಮೌಂಟ್ ತಾನೇ ಹುಡುಕಿ ಕೊಡುತ್ತದಲ್ಲ ಎಂದು ಗೆಳೆಯರು ಕೇಳಿದರು. ಕೊಡುತ್ತದೆ. ಆದರೆ ಅದೇ ಹಣಕ್ಕೆ ದರ್ಪಣ ಚಿಕ್ಕದಾಗುತ್ತದೆ, ಬ್ಯಾಟರಿ ಬೇಕಾಗುತ್ತದೆ, ಕೆಟ್ಟರೆ ರಿಪೇರಿ ಮಾಡುವವರು ನಮ್ಮ ತಾಲ್ಲೂಕಿನಲ್ಲಿ ಸಿಗುವುದಿಲ್ಲ. ಶನಿ ಎಲ್ಲಿದ್ದಾನೆಂದು ಮಕ್ಕಳು ತಾವೇ ಹುಡುಕಲಿ ಎಂಬ ಆಸೆಯೂ ನನಗಿದೆ.

ಹೊತ್ತೊಯ್ಯುವಂಥದ್ದೇ ಏಕೆ? ನಮ್ಮ ಮಕ್ಕಳು ಬರುವುದು ಸುತ್ತಲಿನ ಹಳ್ಳಿಗಳಿಂದ. ಸಂಜೆಯ ಬಸ್ಸು ಹೋದ ಮೇಲೆ ಶಾಲೆಯ ಅಂಗಳದಲ್ಲಿ ಯಾರೂ ಇರುವುದಿಲ್ಲ, ಹೆಣ್ಣುಮಕ್ಕಳಂತೂ ಇಲ್ಲವೇ ಇಲ್ಲ. ನಕ್ಷತ್ರ ಮೂಡುವುದು ಆ ಬಸ್ಸು ಹೋದ ಮೇಲೆ. ಹಾಗಾಗಿ ದೂರದರ್ಶಕವೇ ಅವರ ಊರಿಗೆ ಹೋಗಬೇಕು. ಬಸ್ಸಿನಲ್ಲಿ ಮೇಷ್ಟ್ರ ತೊಡೆಯ ಮೇಲೆ ಕೂರುವಂತಿರಬೇಕು.

ಒಂದು ಅಕ್ಷವನ್ನು ಧ್ರುವನಕ್ಷತ್ರಕ್ಕೆ ನೆಟ್ಟು, ಒಂದೇ ತಿರುಪು ತಿರುಗಿಸುತ್ತ ಗ್ರಹವನ್ನು ಹಿಂಬಾಲಿಸುವ ಮೌಂಟ್ ಒಂದಿದೆ. ಜಾಣ ಉಪಾಯ. ಆದರೆ ಧ್ರುವ ನಮಗೆ ಬಹಳ ತಗ್ಗು: ಬೀದರಿನಲ್ಲಿ ಸುಮಾರು 18 ಡಿಗ್ರಿ, ಚಾಮರಾಜನಗರದಲ್ಲಿ 12. ಕೆಲವು ಮೌಂಟುಗಳನ್ನು ಅಷ್ಟು ಬಗ್ಗಿಸಲಾಗದು. ಬಗ್ಗಿಸಿದರೂ ಸಮತೂಕದ ಗುಂಡು ಸ್ಟ್ಯಾಂಡಿನ ಕಾಲಿಗೆ ತಾಗುವುದುಂಟು. ಆ ಗುಂಡನ್ನೂ ಹೊರಬೇಕಲ್ಲ! ಇನ್ನು ಕ್ಯಾಮೆರಾದ ಟ್ರೈಪಾಡು. ನಮ್ಮಲ್ಲಿ ಚಂದ್ರ, ಗ್ರಹಗಳು ಎಷ್ಟೋ ಸಲ ನೆತ್ತಿಯ ಹತ್ತಿರವೇ ಹಾಯುತ್ತವೆ. ಅಷ್ಟು ಮೇಲೆತ್ತಿದರೆ ಅದರ ಹಿಡಿ ಸಡಿಲಿ ಕೊಳವೆ ಕುಸಿಯುತ್ತದೆ.

ನನ್ನ ಮನಸ್ಸು ಒಪ್ಪಿದ್ದು ಡಾಬ್ಸನ್ ಮಾದರಿ. 1915ರಲ್ಲಿ ಬೀಜಿಂಗಿನಲ್ಲಿ ಹುಟ್ಟಿದ ಜಾನ್ ಡಾಬ್ಸನ್, ರಾಮಕೃಷ್ಣ ಪರಂಪರೆಯ ವೇದಾಂತ ಆಶ್ರಮಗಳಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಸನ್ಯಾಸಿಯಾಗಿದ್ದವರು. ಗುಜರಿ ಗಾಜು ಉಜ್ಜಿ ದರ್ಪಣ ಮಾಡಿ, ಪ್ಲೈವುಡ್ ಪೆಟ್ಟಿಗೆಯಲ್ಲಿ ಕೊಳವೆ ಕೂರಿಸಿ, ಫುಟ್‌ಪಾತಿನಲ್ಲಿ ನಿಂತು ದಾರಿಹೋಕರನ್ನು ಕರೆದು ಚಂದ್ರನನ್ನು ತೋರಿಸಿದರು. ಆ ಪೆಟ್ಟಿಗೆ ಎಡಬಲಕ್ಕೆ ತಿರುಗುತ್ತದೆ, ಕೊಳವೆ ಮೇಲೆ ಕೆಳಗೆ ಆಡುತ್ತದೆ. ಅಷ್ಟೇ. ನೆತ್ತಿಯ ನೇರಕ್ಕೆ ಮಾತ್ರ ಅದೂ ತುಸು ಸತಾಯಿಸುತ್ತದೆ. ಒಂದು ಗಂಟೆ ಕಾದರೆ ಗ್ರಹವೇ ಪಡುವಣಕ್ಕೆ ವಾಲುತ್ತದೆ.

ಇದರ ಚಿಕ್ಕ ರೂಪ, 130 ಮಿಲಿಮೀಟರ್ ದರ್ಪಣದ್ದು, ಆರೇಳು ಕಿಲೋ ತೂಗುತ್ತದೆ. ಅದಕ್ಕೆ ಕಾಲಿಲ್ಲ, ಗಟ್ಟಿಯಾದ ಪೀಠ ಬೇಕು. ಅರಳಿಕಟ್ಟೆ ಹೇಳಿ ಮಾಡಿಸಿದಂತಿದೆ, ಆದರೆ ಮೇಲೆಲ್ಲ ಎಲೆ! ಧ್ವಜದ ಕಟ್ಟೆ ಆದೀತು. ಅದೂ ಇಲ್ಲದ ಕಡೆಗೆ ನಮ್ಮೂರ ಬಡಗಿಯವರು ಒಂದು ಗಿಡ್ಡ ಸ್ಟೂಲು ಮಾಡಿಕೊಡಲಿ. ಮೂರೇ ಕಾಲು ಇರಲಿ. ಮೂರು ಗುಂಡಿನ ಒಲೆ ಎಂಥ ನೆಲದಲ್ಲೂ ಕುಂಟುವುದಿಲ್ಲ.

ಹಣ ಕೊಡುವ ಮುಂಚೆ ದೂರದ ಕಂಬವೊಂದನ್ನು ಹಿಡಿದು ಕೊಳವೆಯನ್ನು ಬೆರಳಿನಿಂದ ತಟ್ಟೋಣ. ಎರಡು ಮೂರು ಸೆಕೆಂಡಿನಲ್ಲಿ ನಡುಕ ನಿಲ್ಲಬೇಕು. ಕೈ ಬಿಟ್ಟಾಗ ಕಂಬ ಅತ್ತಿತ್ತ ಸರಿಯಬಾರದು.

ಮುಖ್ಯೋಪಾಧ್ಯಾಯರಲ್ಲಿ ಒಂದೇ ಬೇಡಿಕೆ. ಸ್ಟಾಕ್ ರಿಜಿಸ್ಟರಿನಲ್ಲಿ ಬರೆದುಕೊಳ್ಳಿ, ಆದರೆ ಬೀರುವಿನ ಬೀಗದ ಕೈ ಹಳ್ಳಿಗಳಿಗೆ ಹೋಗಿಬರುವ ವಿಜ್ಞಾನದ ಮೇಷ್ಟ್ರ ಬಳಿ ಇರಲಿ.