ಮೆದುಳು ಓದಲು ಡಾಕ್ಟರೇ ಆಗಬೇಕಿಲ್ಲ

ಪಾರ್ಶ್ವವಾಯುವಿನಿಂದ ನಮ್ಮತ್ತೆಯ ಮಾತು ನಿಂತಾಗ, ಮೆದುಳಿನ ಬಗ್ಗೆಯೇ ಓದುತ್ತೇನೆ ಅಂತ ಮಗಳು ಹಟ ಹಿಡಿದಳು. ನೀಟ್‌ನಲ್ಲಿ ಸೀಟು ಸಿಗಲಿಲ್ಲ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಎಂಬಿಬಿಎಸ್ ಇಲ್ಲದೆ ಆಗದು ಅಂತ ನಾನೂ ನಂಬಿದ್ದೆ. ತಪ್ಪು ನನ್ನದೇ. ನರವಿಜ್ಞಾನದ ಸಂಶೋಧನೆಗೆ ಭೌತಶಾಸ್ತ್ರ, ಮನಶ್ಶಾಸ್ತ್ರ, ಎಂಜಿನಿಯರಿಂಗ್ ಓದಿದವರೂ ಬರುತ್ತಾರೆ.

ಅವಳು ಇಲ್ಲೇ ಪುಣೆಯಲ್ಲಿ ಬಿಎಸ್ಸಿ ಸೇರಿದಳು. ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ಸಿಕ್ಕಿ ಎರಡು ತಿಂಗಳು ಬೆಂಗಳೂರಿನ ಲ್ಯಾಬಿನಲ್ಲಿದ್ದು ಬಂದಳು. ಈಗ ಎಂಎಸ್ಸಿ ಕೊನೆಯ ವರ್ಷ. ನೆಟ್, ಗೇಟ್ ಬರೆದು ಮಾನೇಸರ್‌ನ ಎನ್‌ಬಿಆರ್‌ಸಿ, ಐಐಎಸ್‌ಸಿ, ನಿಮ್ಹಾನ್ಸ್‌ಗೆ ಪ್ರಯತ್ನಿಸಬೇಕು. ಜೆಆರ್‌ಎಫ್ ಸಿಕ್ಕರೆ ಖರ್ಚಿನ ಚಿಂತೆಯಿಲ್ಲ. 2023ರಿಂದ ತಿಂಗಳಿಗೆ 37,000 ರೂಪಾಯಿ.

“ಪಿಎಚ್‌ಡಿಗೆ ಐದಾರು ವರ್ಷ! ಮದುವೆ?” ಅಂತ ಅತ್ತಿಗೆ ಕೇಳಿದರು. ಇನ್ನೂ ಉತ್ತರ ಕೊಟ್ಟಿಲ್ಲ. ಅರ್ಜಿ ತುಂಬುವುದರಲ್ಲಿದ್ದೇವೆ.