ವ್ಯಾಪಾರಕ್ಕೆ ಇಂಟರ್‌ನೆಟ್ ಮತ್ತು ಫೋನ್: ವೇಗಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಉರ್ದು, ಕನ್ನಡ ಕಲಿಸುವ ಮೇಷ್ಟ್ರಿಗೂ ಇಂಟರ್‌ನೆಟ್ ಕನೆಕ್ಷನ್‌ಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಹುಟ್ಟಿದ್ದು ಒಂದು ಕಹಿ ಅನುಭವದಿಂದ.

ನನ್ನ ತಮ್ಮ ನಮ್ಮ ಮೊಹಲ್ಲಾದಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ಆನ್‌ಲೈನ್ ಅರ್ಜಿಗಳನ್ನೂ ತುಂಬಿಕೊಡುತ್ತಾನೆ. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ, ನನ್ನ ತರಗತಿಯ ಹನ್ನೊಂದು ಮಕ್ಕಳನ್ನು ಅವನ ಅಂಗಡಿಗೆ ಕಳಿಸಿದ್ದೆ. ಅಂದು ಬೆಳಿಗ್ಗೆ ಚರಂಡಿ ಕೆಲಸಕ್ಕೆ ಬಂದ ಜೆಸಿಬಿ ಓಣಿಯ ಬಾಯಲ್ಲಿದ್ದ ಕಂಬವನ್ನು ಕೆಡವಿತು, ಕೇಬಲ್ ತುಂಡಾಯಿತು. ತಮ್ಮ ಮುಂಜಾಗ್ರತೆಯಿಂದ ಎರಡು ಕಂಪನಿಗಳ ಕನೆಕ್ಷನ್ ಹಾಕಿಸಿದ್ದ. ಎರಡೂ ಸತ್ತವು. ಏಕೆಂದರೆ ಎರಡರ ಕೇಬಲ್ಲೂ ಅದೇ ಕಂಬದ ಮೇಲೆ ಬರುತ್ತಿದ್ದವು. ಮೊಬೈಲ್‌ನಿಂದ ಪ್ರಯತ್ನಿಸಿದೆವು. ಕೇಬಲ್ ಹೋದ ಇಡೀ ಓಣಿಯೇ ಮೊಬೈಲ್ ಮೇಲೆ ಬಿದ್ದಿತ್ತು. ಮಧ್ಯರಾತ್ರಿಯೊಳಗೆ ಒಂಬತ್ತು ಅರ್ಜಿ ಹೋದವು, ಎರಡು ಹೋಗಲಿಲ್ಲ. ಮರುದಿನ ಒಬ್ಬ ಹುಡುಗಿ ನನ್ನ ಮೇಜಿನ ಬಳಿ ಬಂದು, "ಸರ್, ನನ್ನದು ಹೋಯ್ತಾ?" ಎಂದಳು. ನನಗೆ ತಲೆ ಎತ್ತಲಾಗಲಿಲ್ಲ.

ಆಗ ನನಗೆ ತಿಳಿದದ್ದು ಇಷ್ಟು: ಕನೆಕ್ಷನ್ ಕೊಳ್ಳುವಾಗ ನಾವು "ವೇಗ ಎಷ್ಟು, ದರ ಎಷ್ಟು" ಎಂದು ಮಾತ್ರ ಕೇಳುತ್ತೇವೆ. "ಇದು ನಿಂತಾಗ ನನ್ನ ಯಾವ ಕೆಲಸ ನಿಲ್ಲುತ್ತದೆ, ಆಗ ನನಗೆ ಬೇರೆ ದಾರಿ ಯಾವುದು" ಎಂದು ಕೇಳುವುದಿಲ್ಲ.

ಮೊದಲು ವೇಗದ ಮಾತನ್ನೇ ಮುಗಿಸೋಣ. ಜಾಹೀರಾತಿನಲ್ಲಿ "100 ಎಂಬಿಪಿಎಸ್ ವರೆಗೆ" ಎಂದಿರುತ್ತದೆ. ಇಲ್ಲಿ ಎರಡು ವಿಷಯ ಗಮನಿಸಿ. ಅದು ಮೆಗಾಬಿಟ್, ಮೆಗಾಬೈಟ್ ಅಲ್ಲ. ಎಂಟು ಬಿಟ್‌ಗೆ ಒಂದು ಬೈಟ್. ಆದ್ದರಿಂದ ಸೆಕೆಂಡಿಗೆ ಇಳಿಯುವುದು ಹೆಚ್ಚೆಂದರೆ 12.5 ಮೆಗಾಬೈಟ್. ಇನ್ನು "ವರೆಗೆ" ಎಂಬ ಪದ. ಮನೆಮನೆಗೆ ಬರುವ ಸಾಮಾನ್ಯ ಫೈಬರ್‌ನಲ್ಲಿ ಒಂದೇ ಎಳೆಯನ್ನು ಹಲವು ಗ್ರಾಹಕರು ಹಂಚಿಕೊಂಡಿರುತ್ತಾರೆ. ಸಂಜೆ ಎಲ್ಲರೂ ಕುಳಿತಾಗ ನಿಮ್ಮ ಪಾಲು ಕುಗ್ಗಬಹುದು. ಹಾಗಾಗಿ ಹಣ ಕಟ್ಟುವ ಮೊದಲು ಅದೇ ಕಂಪನಿಯ ಕನೆಕ್ಷನ್ ಇರುವ ಪಕ್ಕದ ಅಂಗಡಿಗೆ ಸಂಜೆ ಏಳಕ್ಕೆ ಹೋಗಿ ನೋಡಿ. ಇಳಿಯುವ ವೇಗ ಮಾತ್ರವಲ್ಲ, ಕಳಿಸುವ ವೇಗವನ್ನೂ ಅಳೆಯಿರಿ. ಫೋಟೋ ಸ್ಟುಡಿಯೋದವರಿಗೆ, ಪ್ರಿಂಟಿಂಗ್ ಪ್ರೆಸ್‌ನವರಿಗೆ, ಆನ್‌ಲೈನ್ ಪಾಠ ಹೇಳುವವರಿಗೆ ಬೇಕಾದ್ದು ಕಳಿಸುವ ವೇಗವೇ.

ಫೋನ್ ಮಾತಿಗೆ ಬಹಳ ವೇಗ ಬೇಕಾಗಿಲ್ಲ. ಇಂಟರ್‌ನೆಟ್ ಮೂಲಕ ಹೋಗುವ ಒಂದು ಕರೆಗೆ ಎರಡೂ ಕಡೆಗೆ ಸುಮಾರು 100 ಕಿಲೋಬಿಟ್ ಸಾಕು. ಒಮ್ಮೆಗೆ ಐದು ಕರೆ ನಡೆದರೂ ಅರ್ಧ ಮೆಗಾಬಿಟ್. ಧ್ವನಿ ಕತ್ತರಿಸುವುದು ಹೆಚ್ಚಾಗಿ ಮಾತು ತಡವಾಗಿ, ಹಿಂದುಮುಂದಾಗಿ ತಲಪುವುದರಿಂದ. ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿನೊಳಗೆ ಮಾತು ತಲಪಿದರೆ ಸಂಭಾಷಣೆಗೆ ತೊಂದರೆಯಾಗದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಅಳತೆ. ಆದ್ದರಿಂದ ಪರೀಕ್ಷೆಗೆ ಒಂದು ಕರೆ ಮಾಡಿ, ಐದು ನಿಮಿಷ ಮಾತಾಡಿ ನೋಡಿ.

ಫೋನಿನ ವಿಷಯದಲ್ಲಿ ಹಿರಿಯರು ಮೋಸ ಹೋಗುವುದು ಇನ್ನೊಂದು ಕಡೆ. ಹಳೆಯ ತಾಮ್ರದ ತಂತಿಯ ಫೋನಿಗೆ ವಿದ್ಯುತ್ ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಕರೆಂಟ್ ಹೋದರೂ ಫೋನ್ ಹೋಗುತ್ತಿರಲಿಲ್ಲ. ಫೈಬರ್ ಗಾಜಿನ ಎಳೆ, ಅದರಲ್ಲಿ ವಿದ್ಯುತ್ ಹರಿಯದು. ಅಂಗಡಿಯಲ್ಲಿ ಕರೆಂಟ್ ಹೋದರೆ ಗೋಡೆಯ ಮೇಲಿನ ಪೆಟ್ಟಿಗೆ ಆರಿ, ಫೋನೂ ಹೋಗುತ್ತದೆ. ಆ ಪೆಟ್ಟಿಗೆಯನ್ನೂ ರೌಟರನ್ನೂ ಇನ್ವರ್ಟರಿಗೆ ಸೇರಿಸಲು ಮರೆಯಬೇಡಿ.

ಹಾಗೆಯೇ ಬೋರ್ಡಿನ ಮೇಲೆ ಬರೆಸುವ ನಂಬರ್ ಯಾರ ಹೆಸರಿನಲ್ಲಿದೆ? ಕೆಲಸದ ಹುಡುಗನ ಸಿಮ್ ಆದರೆ, ಅವನು ಬಿಟ್ಟುಹೋದ ದಿನ ನಿಮ್ಮ ಗಿರಾಕಿಗಳೂ ಅವನ ಜೊತೆ ಹೋದಂತೆ. ಮಾಲೀಕರ ಅಥವಾ ಸಂಸ್ಥೆಯ ಹೆಸರಿನಲ್ಲೇ ಇರಲಿ. 2011ರ ಜನವರಿಯಿಂದ ದೇಶದಾದ್ಯಂತ ಮೊಬೈಲ್ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವ ಹಕ್ಕು ನಮಗೆ ಸಿಕ್ಕಿದೆ. ನಂಬರ್ ನಿಮ್ಮ ಹೆಸರಿನಲ್ಲಿದ್ದರೆ ತಾನೆ ಆ ಹಕ್ಕು ನಿಮ್ಮದು.

ಈಗ ಒಪ್ಪಂದದ ಮಾತು. ದೊಡ್ಡ ಸಂಸ್ಥೆಗಳು ಲೀಸ್ಡ್ ಲೈನ್ ಹಾಕಿಸಿಕೊಳ್ಳುತ್ತವೆ. ಅದು ಹಂಚಿಕೆಯಿಲ್ಲದ ಸಂಪರ್ಕ, ಕಳಿಸುವ ವೇಗವೂ ಇಳಿಯುವ ವೇಗವೂ ಸಮ, ಎಷ್ಟು ಹೊತ್ತು ನಡೆಯಬೇಕೆಂಬ ಲಿಖಿತ ಭರವಸೆಯೂ ಇರುತ್ತದೆ. ಬೆಲೆ ಹಲವು ಪಟ್ಟು. ಆ ಭರವಸೆಯನ್ನೂ ಲೆಕ್ಕ ಹಾಕಿ ಓದಬೇಕು. 99 ಶೇಕಡಾ ಎಂದರೆ ಮೂವತ್ತು ದಿನದ ತಿಂಗಳಲ್ಲಿ 7 ಗಂಟೆ 12 ನಿಮಿಷ ನಿಂತರೂ ಕಂಪನಿ ಮಾತು ತಪ್ಪಿದಂತಲ್ಲ. 99.5 ಎಂದರೆ 3 ಗಂಟೆ 36 ನಿಮಿಷ. ನಮ್ಮಂಥ ಸಣ್ಣ ಅಂಗಡಿಗೆ ಲೀಸ್ಡ್ ಲೈನ್ ಬೇಕಾಗಿಲ್ಲ. ಒಂದು ಸಾಮಾನ್ಯ ಫೈಬರ್, ಜೊತೆಗೆ ಬೇರೆ ಕಂಪನಿಯ ಸಿಮ್ ಹಾಕಿದ ರೌಟರ್. ಹೀಗೆ ಬೇರೆ ಬೇರೆ ದಾರಿಯಲ್ಲಿ ಬರುವ ಎರಡು ಸಂಪರ್ಕ ಸಾಕು. ಕಂಪನಿ ಎರಡಾದರೆ ಸಾಲದು, ದಾರಿಯೂ ಎರಡಾಗಬೇಕು.

ಕೆಟ್ಟರೆ ಎಷ್ಟು ಗಂಟೆಯಲ್ಲಿ ಸರಿಮಾಡುತ್ತೀರಿ ಎಂಬುದನ್ನು ಬಾಯಿಮಾತಿಗೆ ಬಿಡಬೇಡಿ, ಬರೆಸಿಕೊಳ್ಳಿ. ಪವಿತ್ರ ಕುರ್‌ಆನಿನ ಅತಿ ದೀರ್ಘ ಆಯತ್, ಅಲ್-ಬಖರಾ ಸೂರಾದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಕಲಿಸುವಂಥದ್ದು. ಮುಂಗಡ ಹಣ ಕೊಟ್ಟು ಸೇವೆಗೆ ಕಾಯುವವರು ಅದರಿಂದ ಕಲಿಯಬೇಕಾದ್ದಿದೆ. ಕಡಿಮೆ ಬೆಲೆಯ ಆಸೆಗೆ ಮೊದಲೇ ಒಂದು ವರ್ಷದ ಹಣ ಕಟ್ಟಬೇಡಿ, ಮೂರು ತಿಂಗಳು ನೋಡಿ. ಹೇಳಿದ ದರದ ಮೇಲೆ 18 ಶೇಕಡಾ ಜಿಎಸ್‌ಟಿ ಬೇರೆಯೇ ಎಂದು ಕೇಳಿ ತಿಳಿಯಿರಿ. ನಿಮ್ಮ ವ್ಯಾಪಾರಕ್ಕೆ ಜಿಎಸ್‌ಟಿ ನೋಂದಣಿ ಇದ್ದರೆ ಬಿಲ್ಲಿನಲ್ಲಿ ಆ ಸಂಖ್ಯೆ ಹಾಕಿಸಿ, ಜಮಾ ಪಡೆಯುವ ಬಗ್ಗೆ ನಿಮ್ಮ ಲೆಕ್ಕಿಗರನ್ನು ಕೇಳಿ. ಕಂಪೋಸಿಷನ್ ಯೋಜನೆಯಲ್ಲಿರುವವರಿಗೆ ಅದು ಸಿಗದು. ದೂರು ಕೊಟ್ಟಾಗ ಡಾಕೆಟ್ ನಂಬರ್ ಬರೆದಿಡಿ. ಅದರಿಂದ ಪರಿಹಾರ ಸಿಗದಿದ್ದರೆ ಕಂಪನಿಯಲ್ಲೇ ಇರುವ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಟ್ರಾಯ್ ಸಂಸ್ಥೆ 2012ರ ನಿಯಮದಲ್ಲಿ ಈ ಎರಡು ಮೆಟ್ಟಿಲನ್ನು ಕಡ್ಡಾಯ ಮಾಡಿದೆ. ಟ್ರಾಯ್ ತಾನೇ ಒಬ್ಬೊಬ್ಬ ಗ್ರಾಹಕರ ದೂರನ್ನು ವಿಚಾರಿಸುವುದಿಲ್ಲ.

ವಿದ್ಯಾರ್ಥಿಗಳೇ, ನಿಮಗೊಂದು ಕೆಲಸ. ಈ ಭಾನುವಾರ ನಿಮ್ಮ ಅಬ್ಬಾ, ಚಾಚಾ ಅಥವಾ ಮಾಮು ಅವರ ಅಂಗಡಿಗೆ ಹೋಗಿ. ಒಂದು ಹಾಳೆಯಲ್ಲಿ ಬರೆಯಿರಿ: ಯಾವ ಕೆಲಸಕ್ಕೆ ನೆಟ್ ಬೇಕು, ನಂಬರ್ ಯಾರ ಹೆಸರಿನಲ್ಲಿದೆ, ಕೇಬಲ್ ಯಾವ ದಾರಿಯಲ್ಲಿ ಬರುತ್ತದೆ, ಕರೆಂಟ್ ಹೋದರೆ ಏನು. ನೀವು ಕಲಿತ ವಿದ್ಯೆ ಮನೆಗೆ ಉಪಯೋಗವಾಗುವುದು ಹೀಗೆ.

ತಮ್ಮನ ಅಂಗಡಿಯಲ್ಲಿ ಈಗ ಒಂದು ಕೇಬಲ್, ಒಂದು ಸಿಮ್ ರೌಟರ್ ಇವೆ. ಎರಡೂ ಇನ್ವರ್ಟರ್ ಮೇಲಿವೆ. ಆದರೆ ತಪ್ಪೆಲ್ಲ ಕೇಬಲ್ಲಿನದೇ ಎಂದರೆ ಅದು ನ್ಯಾಯವಲ್ಲ. ಮಕ್ಕಳನ್ನು ಕೊನೆಯ ದಿನ ಕಳಿಸಿದವನು ನಾನು. ಅರ್ಜಿ ತುಂಬುವವನ ಕೈಗೆ ಬಂದ ಕಾಗದ ಒಂದು ಅಮಾನತ್, ಮಕ್ಕಳು ಶಿಕ್ಷಕನ ಕೈಗೆ ಬಂದ ಅಮಾನತ್. ಈಗ ನನ್ನ ತರಗತಿಯ ಅರ್ಜಿಗಳು ಕೊನೆಯ ದಿನಕ್ಕೆ ಎರಡು ವಾರ ಮೊದಲೇ ಹೋಗುತ್ತವೆ. ಆ ಹುಡುಗಿಯ ಅರ್ಜಿ ಮರುವರ್ಷ ಎಲ್ಲರಿಗಿಂತ ಮೊದಲು ಹೋಯಿತು. ಕಳೆದ ಒಂದು ವರ್ಷದ ಹಣವನ್ನು ಮಾತ್ರ ನಾನು ಅವಳಿಗೆ ತಂದುಕೊಡಲಾರೆ.