ಗಲ್ಫಿನ ಬೆಳ್ಳಿ ರೂಪಾಯಿ: ಬಣ್ಣ ಯಾರದು, ಬೆಲೆ ಯಾರದು?



ಐದನೆಯ ಜಾರ್ಜ್ ದೊರೆಯ ಮುಖವಿರುವ ಎರಡು ಬೆಳ್ಳಿ ರೂಪಾಯಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಟಂಕಸಾಲೆಯಿಂದ ಹೊರಬಂದ ದಿನ ಎರಡರದೂ ಒಂದೇ ತೂಕ, 11.66 ಗ್ರಾಂ, ಎರಡರಲ್ಲೂ ಹನ್ನೆರಡಕ್ಕೆ ಹನ್ನೊಂದು ಪಾಲು ಬೆಳ್ಳಿ. ಇಂದು ಒಂದರ ಅಂಚಿನಲ್ಲಿ ನೀಲಿ, ಅದರೊಳಗೆ ನೇರಳೆ, ನಡುವೆ ತೆಳುವಾದ ಹೊನ್ನಿನ ಬಣ್ಣ. ಇನ್ನೊಂದು ಬರಿಯ ಬೂದು; ದೊರೆಯ ಗಡ್ಡವೂ ಸವೆದು ನುಣುಪಾಗಿದೆ. ಸಂಗ್ರಾಹಕರ ಲೋಕದಲ್ಲಿ ಮೊದಲನೆಯದಕ್ಕೆ ಎರಡನೆಯದರ ಹಲವು ಪಟ್ಟು ಬೆಲೆ. ಆ ಬೆಲೆಯ ಹಿಂದಿನ ನ್ಯಾಯವನ್ನು ಕೆದಕಿ ನೋಡುವುದು ಈ ಮಾತುಗಳ ಉದ್ದೇಶ.

ಮೊದಲು ಬಣ್ಣದ ಮಾತು. ಸಂಗ್ರಾಹಕರು ಇದನ್ನು ‘ಟೋನಿಂಗ್’ ಎನ್ನುತ್ತಾರೆ. ಮನೆಮಂದಿಯ ಕಣ್ಣಿಗೆ ಅದು ಕಪ್ಪುಹಿಡಿದ ಬೆಳ್ಳಿ, ಅಷ್ಟೆ. ಗಾಳಿಯಲ್ಲಿರುವ ಅತ್ಯಲ್ಪ ಹೈಡ್ರೋಜನ್ ಸಲ್ಫೈಡ್ ಅನಿಲ ಬೆಳ್ಳಿಯೊಡನೆ ಬೆರೆತು ಬೆಳ್ಳಿಯ ಸಲ್ಫೈಡ್ ಆಗುತ್ತದೆ. ಆ ವಸ್ತುವಿನ ಸ್ವಂತ ಬಣ್ಣ ಕಪ್ಪು. ಆದರೆ ಪದರವು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ತೆಳುವಾಗಿರುವಾಗ, ಅದರ ಮೇಲ್ಮೈಯಿಂದ ಮರಳಿದ ಬೆಳಕೂ ಕೆಳಗಿನ ಬೆಳ್ಳಿಯಿಂದ ಮರಳಿದ ಬೆಳಕೂ ಒಂದರೊಡನೊಂದು ಕೂಡಿ ಕೆಲವು ಬಣ್ಣಗಳನ್ನು ಅಳಿಸಿ, ಕೆಲವನ್ನು ಉಳಿಸುತ್ತವೆ. ಮಳೆಯ ರಸ್ತೆಯಲ್ಲಿ ಚೆಲ್ಲಿದ ಪೆಟ್ರೋಲಿನ ಹನಿಯಲ್ಲಿ ಕಾಣುವುದೂ ಇದೇ ವ್ಯತಿಕರಣ. ಪದರ ದಪ್ಪವಾದಂತೆ ಹೊನ್ನು, ಕೆಂಪು, ನೇರಳೆ, ನೀಲಿ ಕ್ರಮವಾಗಿ ಬರುತ್ತವೆ, ಕೊನೆಗೆ ಕಪ್ಪು. ಈ ಕ್ರಮ ತಪ್ಪಿದ್ದರೆ, ಬಣ್ಣವನ್ನು ಗಂಧಕದ ದ್ರಾವಣ ಬಳಸಿ ತರಾತುರಿಯಲ್ಲಿ ಬರಿಸಲಾಗಿದೆಯೆಂದು ಅನುಭವಿಗಳು ಅನುಮಾನಿಸುತ್ತಾರೆ.

ಅಬುಧಾಬಿಯ ದಕ್ಷಿಣದ ಮರಳುಗಾಡಿನಲ್ಲಿ ಶಾಹ್ ಎಂಬ ಅನಿಲಕ್ಷೇತ್ರವಿದೆ. ಅಲ್ಲಿ ನೆಲದಿಂದ ಬರುವ ಅನಿಲದಲ್ಲಿ ಸುಮಾರು 23 ಪ್ರತಿಶತ ಇದೇ ಹೈಡ್ರೋಜನ್ ಸಲ್ಫೈಡ್. ಅದರಿಂದ ಬೇರ್ಪಡಿಸಿದ ಗಂಧಕ ರೈಲಿನಲ್ಲಿ ರುವೈಸ್ ಬಂದರಿಗೆ ಹೋಗುತ್ತದೆ. ನಾಣ್ಯಕ್ಕೆ ಕಾಮನಬಿಲ್ಲು ತೊಡಿಸುವ ಅನಿಲ, ಅಷ್ಟು ಪ್ರಮಾಣದಲ್ಲಿ ಸೋರಿದರೆ ಮನುಷ್ಯನನ್ನು ಕೆಲವೇ ಉಸಿರುಗಳಲ್ಲಿ ಕೊಲ್ಲುತ್ತದೆ. ಅಂಥ ಸ್ಥಾವರಗಳಲ್ಲಿ ದುಡಿಯುವವರು ಉಸಿರಾಟದ ಸಲಕರಣೆಯನ್ನು ಕೈಗೆಟಕುವಂತೆ ಇಟ್ಟುಕೊಂಡೇ ಓಡಾಡಬೇಕು.

ಇನ್ನು ಬೂದು ರೂಪಾಯಿ. ತೈಲಕ್ಕೆ ಮುನ್ನ ಈ ಕರಾವಳಿಯ ಹಣ ಭಾರತದ ರೂಪಾಯಿಯೇ ಆಗಿತ್ತು. ಮುತ್ತು ಬೊಂಬಾಯಿಗೆ ಹೋಗುತ್ತಿತ್ತು, ರೂಪಾಯಿ ಬೊಂಬಾಯಿಯಿಂದ ಬರುತ್ತಿತ್ತು. ಬೇಸಿಗೆಯ ನಾಲ್ಕು ತಿಂಗಳು ಮುಳುಗುಗಾರರು ಮೂಗಿಗೆ ಚಿಮಟ, ಕಾಲಿಗೆ ಕಲ್ಲು ಕಟ್ಟಿಕೊಂಡು ಕಡಲಿಗಿಳಿಯುತ್ತಿದ್ದರು. ದೋಣಿಯ ಯಜಮಾನನಾದ ನಾಖುದಾ ಮೊದಲೇ ಮುಂಗಡ ಕೊಟ್ಟಿರುತ್ತಿದ್ದ. ಋತು ಮುಗಿದಾಗ ಲೆಕ್ಕ ಚುಕ್ತವಾಗದಿದ್ದರೆ ಸಾಲ ಮುಂದಿನ ವರ್ಷಕ್ಕೆ, ಎಷ್ಟೋ ಸಲ ಮುಂದಿನ ತಲೆಮಾರಿಗೆ. ‘ಜೀತ’ ಎಂಬ ಪದ ಗೊತ್ತಿರುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗೆ ಕೈಯಿಂದ ಕೈಗೆ, ಉಪ್ಪು ಬೆವರಿನಲ್ಲಿ ಉರುಳಿದ ನಾಣ್ಯದ ಮೇಲೆ ಪದರ ಮೂಡುವ ಮೊದಲೇ ಬೆರಳು ಅದನ್ನು ಒರಸಿ ಹಾಕುತ್ತದೆ. ಉಬ್ಬಿದ ಅಕ್ಷರಗಳ ಸಂದಿಯಲ್ಲಿ ಮಾತ್ರ ಕಪ್ಪು ಉಳಿಯುತ್ತದೆ.

ಕಾಮನಬಿಲ್ಲು ಮೂಡಬೇಕಾದರೆ ಹೊಸ ಟಂಕದ ಹೊಳಪು ಕೆಡದಿರಬೇಕು, ನಾಣ್ಯ ದಶಕಗಟ್ಟಲೆ ಅಲುಗದೆ ಬಿದ್ದಿರಬೇಕು. ಅಂದರೆ ತಿಜೋರಿಯ ಬಟ್ಟೆಚೀಲದಲ್ಲೋ ಗಂಧಕಾಂಶವಿರುವ ಕಾಗದದ ಲಕೋಟೆಯಲ್ಲೋ ಮಲಗಿದ್ದ, ಯಾರಿಗೂ ಕೂಲಿಯಾಗಿ ಸಲ್ಲದ ರೂಪಾಯಿಗೆ ಹೆಚ್ಚು ಬೆಲೆ. ದುಡಿದ ರೂಪಾಯಿ ‘ಸವೆದದ್ದು’ ಎಂಬ ದರ್ಜೆಗಿಳಿಯುತ್ತದೆ. ಸೌಂದರ್ಯಕ್ಕೆ ಮನಸೋಲುವುದು ತಪ್ಪಲ್ಲ. ಆದರೆ ಎರಡನೆಯದನ್ನು ಕರಗಿಸುವ ಬೆಳ್ಳಿಯ ತೂಕಕ್ಕೆ ಕೊಡುವಾಗ ಕೈ ಒಂದಿಷ್ಟು ತಡೆಯಬೇಕು. 1940ರಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿಯಿತು, 1947ರಲ್ಲಿ ಅದು ನಿಕ್ಕಲ್ ಆಯಿತು. 1959ರಲ್ಲಿ ರಿಸರ್ವ್ ಬ್ಯಾಂಕ್ ಗಲ್ಫಿಗೆಂದೇ ಬೇರೆ ನೋಟು ಹೊರಡಿಸಿತು. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾದ ಮೇಲೆ ಅಬುಧಾಬಿ ಬಹರೈನ್ ದಿನಾರಿಗೆ, ದುಬೈ ರಿಯಾಲಿಗೆ ಹೊರಳಿದವು. 1973ರಲ್ಲಿ ದಿರ್ಹಮ್ ಬಂತು. ಬೂದು ರೂಪಾಯಿ ಈ ಕಡಲತೀರಕ್ಕೂ ಪಶ್ಚಿಮ ಕರಾವಳಿಗೂ ಇದ್ದ ನಂಟಿಗೆ ಸಾಕ್ಷಿ.

ಬಣ್ಣ ಕಟ್ಟುವ ಮೂರನೆಯ ಜಾಗವೊಂದಿದೆ. ದರಪಟ್ಟಿಗಳಲ್ಲಿ ಅದರ ಹೆಸರಿಲ್ಲ. ಅದು ಸಾಸಿವೆ ಡಬ್ಬಿ. ಗಂಡನಿಗೂ ಮಾವನಿಗೂ ಕಾಣದಂತೆ ಹೆಂಗಸರು ನಾಲ್ಕು ಕಾಸು ಹುದುಗಿಸಿಡುತ್ತಿದ್ದದ್ದು ಅಡುಗೆಮನೆಯ ಡಬ್ಬಿಗಳಲ್ಲಿ. ಸಾಸಿವೆ, ಇಂಗು, ಬೆಳ್ಳುಳ್ಳಿ ಮೂರರಲ್ಲೂ ಗಂಧಕದ ಸಂಯುಕ್ತಗಳಿವೆ. ಅವುಗಳ ನೆರೆಯಲ್ಲಿ ಬೆಳ್ಳಿ ಬೇಗ ಬಣ್ಣ ತಿರುಗುತ್ತದೆ. ತಿಜೋರಿಯ ನಾಣ್ಯ ಅಲುಗದಿದ್ದದ್ದು ಒಡೆಯನಿಗೆ ಅದರ ಅಗತ್ಯವೇ ಬೀಳದ್ದರಿಂದ. ಡಬ್ಬಿಯ ನಾಣ್ಯ ಅಲುಗದಿದ್ದದ್ದು ಮಗಳ ಬಾಣಂತನಕ್ಕೋ ಬರಗಾಲಕ್ಕೋ ಬೇಕಾದೀತೆಂದು.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಆ ರೂಪಾಯಿಗಳನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವುದು ಎಷ್ಟೋ ಮನೆಗಳ ವಾಡಿಕೆ. ಇಲ್ಲಿನ ಫ್ಲ್ಯಾಟುಗಳಲ್ಲಿ ಬೂದಿಯ ಬದಲು ಬೆಳ್ಳಿ ತೊಳೆಯುವ ದ್ರಾವಣ ಬಂದಿದೆ. ಪದರವಾಗಿ ಕೂತಿರುವುದು ಅದೇ ನಾಣ್ಯದ ಬೆಳ್ಳಿ; ತಿಕ್ಕಿದರೂ ತೊಳೆದರೂ ಅಷ್ಟು ಲೋಹ ಹೋಗುತ್ತದೆ, ಗೀರುಗಳೂ ಬೀಳುತ್ತವೆ. ಮತ್ತೆ ಮೂಡುವ ಬಣ್ಣ ಬೇರೆಯದೇ ಆಗಿರುತ್ತದೆ.

ಊರಿನಿಂದ ಅಂಥ ಒಂದೆರಡು ರೂಪಾಯಿ ತಂದವರು ಅವನ್ನು ಮೆದು ಪಿವಿಸಿ ಚೀಲದಲ್ಲಿಡಬಾರದು. ಇಲ್ಲಿನ ಸೆಕೆ, ತೇವಗಳಿಗೆ ಆ ಪ್ಲಾಸ್ಟಿಕ್ ಕೆಟ್ಟು, ನಾಣ್ಯದ ಮೇಲೆ ಹಸಿರು ಅಂಟು ಬಿಡುತ್ತದೆ. ಆಮ್ಲರಹಿತ ಕಾಗದದಲ್ಲಿ ಸುತ್ತಿ, ಒಣ ಜಾಗದಲ್ಲಿಟ್ಟರೆ ಸಾಕು. ಸುತ್ತುವ ಮೊದಲು ಪೆನ್ಸಿಲಿನಲ್ಲಿ ಆ ಕಾಗದದ ಮೇಲೆ ಬರೆಯಬೇಕು: ಯಾವ ಅಜ್ಜಿಯದು, ಯಾವ ಊರು, ಯಾವ ಡಬ್ಬಿಯಲ್ಲಿತ್ತು.